ದಿನದ ಮುಯ್ಯಿ ಪುಸ್ತಕ ಬರೆಯುವ ಬಗೆ

ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ, ಮೂಲೆಗೆ ಅರಿಶಿನ ಹಚ್ಚಿದ ಒಂದು ಹಳೆಯ ನೋಟ್ ಪುಸ್ತಕ ಇರುತ್ತದೆ. ಮುಯ್ಯಿ ಪುಸ್ತಕ. ಯಾರ ಮನೆಯಿಂದ 101 ರೂಪಾಯಿ, ಯಾರಿಂದ ಸ್ಟೀಲ್ ಬಿಂದಿಗೆ, ಯಾವ ಊರಿನ ಯಾರು ಉಂಗುರ ತೊಡಿಸಿದರು ಎಂದು ಚಪ್ಪರದಡಿ ಕೂತ ಒಬ್ಬರು ಬರೆದಿಟ್ಟಿರುತ್ತಾರೆ. ಹದಿನೈದು ವರ್ಷದ ಮೇಲೆ ಆ ಮನೆಯಿಂದ ಲಗ್ನಪತ್ರಿಕೆ ಬಂದರೆ ಮೊದಲು ತೆಗೆಯುವುದು ಅದನ್ನೇ. ಹೊಲದಲ್ಲೂ ಇದೇ ನಡೆ. ನಮ್ಮ ರಾಗಿ ಕೊಯ್ಲಿಗೆ ಅವರ ಮನೆಯಿಂದ ನಾಲ್ಕು ಆಳು ಬಂದರೆ, ಅವರ ಕೊಯ್ಲಿಗೆ ನಮ್ಮಿಂದ ನಾಲ್ಕು ಆಳು. ಇದಕ್ಕೆ ಮುಯ್ಯಾಳು ಎಂದು ಹೆಸರು. ಇಲ್ಲಿ ಕೂಲಿ ಇಲ್ಲ, ಮರೆವೂ ಇಲ್ಲ.

ಕೃತಜ್ಞತೆಯ ದಿನಚರಿ ಬರೆಯಿರಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಶುರು ಮಾಡಿದವರಲ್ಲಿ ಬಹಳ ಜನ ಎರಡು ಮೂರು ವಾರಕ್ಕೆ ಬಿಡುತ್ತಾರೆ. ಅದು ಸೋಮಾರಿತನವಲ್ಲ. ‘ಈ ದಿನಕ್ಕೆ ಧನ್ಯವಾದ, ಆರೋಗ್ಯಕ್ಕೆ ಧನ್ಯವಾದ’ ಎಂದು ಬರೆದೂ ಬರೆದೂ ಕೈಗೂ ಮನಸ್ಸಿಗೂ ಬೇಸರ ಬಂದಿರುತ್ತದೆ. ಮುಯ್ಯಿ ಪುಸ್ತಕವನ್ನು ತಲೆಮಾರು ದಾಟಿದರೂ ಯಾರೂ ಎಸೆಯುವುದಿಲ್ಲ, ಏಕೆಂದರೆ ಅದರಲ್ಲಿ ಹೆಸರಿದೆ, ವಸ್ತುವಿದೆ, ಅಳತೆಯಿದೆ, ತಿರುಗಿ ಕೊಡುವ ದಾರಿಯಿದೆ. ಮದುವೆಯ ದಿನ ಬಂದ ಮುಯ್ಯಿಗಿಂತ ಹೆಚ್ಚಿನದು ಮಾಮೂಲಿ ಮಂಗಳವಾರ ಬುಧವಾರಗಳಲ್ಲಿ ನಮ್ಮ ಕೈಗೆ ಬರುತ್ತಿರುತ್ತದೆ. ಅದನ್ನೂ ಇದೇ ಕ್ರಮದಲ್ಲಿ ಬರೆದಿಡಬಹುದು.

ಪುಸ್ತಕ, ಪೆನ್ನು, ಜಾಗ

200 ಪುಟದ, ಗೆರೆ ಹಾಕಿದ ಒಂದು ಲಾಂಗ್ ಬುಕ್ ತನ್ನಿ. ಒಂದು ಪುಟಕ್ಕೆ ಎರಡು ದಿನದಂತೆ 365 ದಿನಕ್ಕೆ 183 ಪುಟ ಬೇಕು. ಉಳಿಯುವ 17ರಲ್ಲಿ ಮೊದಲ ಮೂರು ಹೆಸರುಗಳ ಪಟ್ಟಿಗೆ, ಕೊನೆಯ ಹದಿನಾಲ್ಕರಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಲೆಕ್ಕಕ್ಕೆ, ಎರಡು ಬಾಕಿಗೆ. ಬರೆಯುವ ಮೊದಲೇ ಪುಟಗಳಿಗೆ ನಂಬರ್ ಹಾಕಿಬಿಡಿ. ನಂಬರ್ ಇಲ್ಲದಿದ್ದರೆ ಮುಂದೆ ಹೆಸರಿನ ಪಟ್ಟಿ ಮಾಡಲು ಆಗುವುದಿಲ್ಲ, ಬೇಡವೆನಿಸಿದ ಪುಟವನ್ನು ಹರಿಯುವ ಚಪಲವೂ ಹುಟ್ಟುತ್ತದೆ.

ತಾರೀಖು ಅಚ್ಚಾದ ಡೈರಿ ಬೇಡ. ನಾಲ್ಕು ದಿನ ತಪ್ಪಿದರೆ ನಾಲ್ಕು ಖಾಲಿ ಪುಟ ಎದುರು ನಿಂತು ಬೈಯುತ್ತವೆ, ಐದನೆಯ ದಿನ ತೆಗೆಯಲು ಮನಸ್ಸಾಗುವುದಿಲ್ಲ. ಫೋನೂ ಬೇಡ. ಬರೆಯಲೆಂದು ತೆಗೆದ ಕೈ ಮೊದಲು ವಾಟ್ಸ್‌ಆ್ಯಪ್ ಒತ್ತುತ್ತದೆ. ಅಲ್ಲದೆ ಫೋನ್ ಕೆಟ್ಟರೆ ಬರೆದದ್ದೂ ಹೋಯಿತು. ಜೆಲ್ ಪೆನ್ನಿನ ಮಸಿ ಒದ್ದೆ ಕೈ ತಾಗಿದರೆ ಕದಡುವುದರಿಂದ ಮಾಮೂಲಿ ಬಾಲ್ ಪೆನ್ನೇ ವಾಸಿ. ಅದನ್ನು ಎರಡಡಿ ದಾರದಿಂದ ಪುಸ್ತಕಕ್ಕೆ ಕಟ್ಟಿ. ಮಕ್ಕಳಿರುವ ಮನೆಯಲ್ಲಿ ಪೆನ್ನು ಹುಡುಕುವುದರಲ್ಲೇ ಬರೆಯುವ ಹತ್ತು ನಿಮಿಷ ಕಳೆದುಹೋಗುತ್ತದೆ.

ರಾತ್ರಿ ಊಟವಾದ ಮೇಲೆ ನೀವು ಹೇಗೂ ಕೂರುವ ಜಾಗದಲ್ಲಿ ಪುಸ್ತಕ ಇರಲಿ. ದೇವರ ಮನೆಯಲ್ಲಿ ಇಡುವ ಆಸೆಯಾಗುತ್ತದೆ, ಇಡಬೇಡಿ. ಅಲ್ಲಿಟ್ಟರೆ ಬರೆಯುವ ಮಾತು ಪ್ರಾರ್ಥನೆಯಾಗುತ್ತದೆ, ಲೆಕ್ಕವಾಗುವುದಿಲ್ಲ. ಕೆಲವು ಮನೆಗಳಲ್ಲಿ ತಿಂಗಳಲ್ಲಿ ಕೆಲವು ದಿನ ಹೆಂಗಸರು ಅತ್ತ ಹೋಗುವುದಿಲ್ಲ, ಪುಸ್ತಕ ಅಷ್ಟು ದಿನ ನಿಂತುಹೋಗುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಈ ಭಾಗದ ಬಹಳ ಮನೆಗಳಲ್ಲಿ ಒಲೆ ಮುಂದೆ ಆಡುವುದು ತೆಲುಗು, ಬರೆಯುವುದು ಕನ್ನಡ. ಅಂಥವರು ಪುಸ್ತಕಕ್ಕೆ ಕೂತಾಗ ಶಾಲೆಯ ಪ್ರಬಂಧದ ಕನ್ನಡ ಬಂದುಬಿಡುತ್ತದೆ, ಮಾತಿನ ಜೀವ ಹೋಗುತ್ತದೆ. ಅಜ್ಜಿ ತೆಲುಗಿನಲ್ಲಿ ಹೇಳಿದ್ದನ್ನು ತೆಲುಗಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಉರ್ದು, ತಮಿಳು ಆಡುವ ಮನೆಗೂ ಇದೇ ಮಾತು.

ಅರ್ಧ ಪುಟದ ಲೆಕ್ಕ

ಪುಟದ ನಡುವೆ ಅಡ್ಡಗೆರೆ ಎಳೆಯಿರಿ, ಎಡಕ್ಕೆ ಎರಡು ಬೆರಳಗಲ ಬಿಡಿ. ಪ್ರತಿ ಅರ್ಧಕ್ಕೂ ನಾಲ್ಕು ಭಾಗ. ಮೊದಲ ಸಾಲು ತಾರೀಖು, ವಾರ, ಹವೆ. ಕೃಷಿಯ ಮನೆಯಾದರೆ ಅಂದಿನ ಟೊಮೆಟೊ ಬಾಕ್ಸಿನ ದರವೋ ರೇಷ್ಮೆ ಗೂಡಿನ ದರವೋ ಅಲ್ಲೇ ಇರಲಿ. ಆಮೇಲೆ ಜಮಾ, ಎಂದರೆ ನಿಮಗೆ ಬಂದದ್ದು, ಹೆಚ್ಚೆಂದರೆ ಎರಡು. ಸಂದಾಯ, ನೀವು ತಿರುಗಿ ಕೊಟ್ಟದ್ದು, ಒಂದು. ಪಾಠ ಒಂದು. ಎಲ್ಲ ಸೇರಿ ಏಳೆಂಟು ಸಾಲು, ಹತ್ತು ನಿಮಿಷ. ಒಂದು ದಿನದ ಬರಹ ಹೀಗಿರುತ್ತದೆ:

ಗುರುವಾರ. ಮೋಡ, ಸಂಜೆ ಹನಿ. ಟೊಮೆಟೊ 15 ಕೆಜಿ ಬಾಕ್ಸ್ 240.
ಜಮಾ: ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟ್ ಬಂದಾಗ ಪಕ್ಕದ ತೋಟದವರು ನಮ್ಮ ಮೋಟರನ್ನೂ ಹಾಕಿದರು. ಚಳಿಯಲ್ಲಿ ಬದು ದಾಟಿ ಬಂದಿದ್ದಾರೆ. ಹಾಕದಿದ್ದರೆ ಹಿಪ್ಪುನೇರಳೆ ಇನ್ನೂ ಒಂದು ದಿನ ಒಣಗುತ್ತಿತ್ತು.
ಸಂದಾಯ: ಮೂಲೆ ಮನೆ ಅಜ್ಜಿಗೆ ಬಿ.ಪಿ. ಮಾತ್ರೆ ತಂದುಕೊಟ್ಟೆ.
ಪಾಠ: ಡ್ರಿಪ್ ಫಿಲ್ಟರ್ ಕಟ್ಟಿ ಕೊನೆಯ ಎರಡು ಸಾಲಿಗೆ ನೀರಿಲ್ಲ. ತೊಳೆದು ಮೂರು ವಾರವಾಗಿತ್ತು. ಪ್ರತಿ ಸೋಮವಾರ ಮೋಟರ್ ಹಾಕುವ ಮೊದಲು ಫಿಲ್ಟರ್ ಬಿಚ್ಚುವುದು.

ಎರಡಕ್ಕಿಂತ ಹೆಚ್ಚು ಜಮಾ ಬರೆಯಬಾರದೆಂಬ ಮಿತಿಯನ್ನು ಸಡಿಲಿಸಬೇಡಿ. ಹುಮ್ಮಸ್ಸಿನ ಮೊದಲ ವಾರ ಹತ್ತು ಬರೆದವರಿಗೆ ಮೂರನೇ ವಾರ ಎರಡೂ ಬಡತನದಂತೆ ಕಾಣುತ್ತವೆ. ಎರಡನ್ನೇ ಆರಿಸಬೇಕೆಂದಾಗ ಮನಸ್ಸು ಇಡೀ ದಿನವನ್ನು ಒಮ್ಮೆ ಜಾಲಾಡಿ ಬರುತ್ತದೆ. ಆ ಜಾಲಾಟದಲ್ಲೇ ಅರ್ಧ ಕೆಲಸ ಆಗಿಬಿಡುತ್ತದೆ.

ಜಮಾ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್

ಹಾಲಿನ ಡೈರಿಯಲ್ಲಿ ‘ಇವರ ಹಾಲು ಚೆನ್ನಾಗಿದೆ’ ಎಂದು ಯಾರೂ ಬರೆಯುವುದಿಲ್ಲ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು. ಎಸ್‌ಎನ್‌ಎಫ್ ಎಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇದ್ದರೆ ಸರಿ, ಇಳಿದರೆ ಮೇವಿನಲ್ಲಿ ಏನೋ ಕಡಿಮೆಯಾಗಿದೆ. ಉಪಕಾರವನ್ನೂ ಹೀಗೇ ಬಿಡಿಸಿ ಬರೆಯಬೇಕು. ಕೇಳಿಕೊಳ್ಳಬೇಕಾದ್ದು ನಾಲ್ಕು: ಯಾರು? ಏನು ಮಾಡಿದರು? ಅದಕ್ಕೆ ಅವರಿಗೇನು ಖರ್ಚಾಯಿತು? ಅವರು ಮಾಡದಿದ್ದರೆ ನನಗೇನಾಗುತ್ತಿತ್ತು?

ಮೊದಲೆರಡಕ್ಕೆ ಉತ್ತರ ಸುಲಭ, ಸತ್ವ ಇರುವುದು ಮೂರನೆಯದರಲ್ಲಿ. ಖರ್ಚೆಂದರೆ ಬರೀ ದುಡ್ಡಲ್ಲ. ನಿದ್ದೆ, ಪೆಟ್ರೋಲು, ಅರ್ಧ ದಿನದ ಕೂಲಿ, ತಮ್ಮ ಮನೆಯವರಿಂದ ಕೇಳಿಸಿಕೊಂಡ ಮಾತು. ‘ಅತ್ತಿಗೆ ಆಸ್ಪತ್ರೆಗೆ ಜೊತೆಗೆ ಬಂದರು’ ಎಂದಷ್ಟೇ ಬರೆದರೆ ನಾಳೆಗೆ ಮರೆತುಹೋಗುತ್ತದೆ. ‘ಅತ್ತಿಗೆ ಬಂದರು. ಅಂದು ಅವರ ಮನೆಯಲ್ಲಿ ಹುಳು ಹಣ್ಣಾಗಿತ್ತು, ಚಂದ್ರಿಕೆಗೆ ಬಿಡಲು ಎರಡಾಳು ಕೂಲಿಗೆ ಕರೆದು ಬಂದಿದ್ದಾರೆ’ ಎಂದು ಬರೆದದ್ದು ಮರೆಯುವುದಿಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟೆಗೆ ಬಿಡಬೇಕಾದ ದಿನ ಮನೆ ಬಿಡುವುದು ಎಂಥದೆಂದು ರೇಷ್ಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖರ್ಚು ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ. ‘ಅವತ್ತು ನಿಮ್ಮ ಕೆಲಸ ಏನು ಮಾಡಿದಿರಿ?’ ಎಂದರೆ ಸಾಕು, ಹೇಳುತ್ತಾರೆ. ಆ ಪ್ರಶ್ನೆಯನ್ನು ಅವರು ತಿಂಗಳುಗಟ್ಟಲೆ ನೆನೆಸಿಕೊಳ್ಳುತ್ತಾರೆ.

ಪುಸ್ತಕ ಕೆಡುವುದು ಹೆಚ್ಚಾಗಿ ಪುನರಾವರ್ತನೆಯಿಂದ. ‘ಅಮ್ಮ ಅಡುಗೆ ಮಾಡಿದಳು’ ಎಂದು ಸೋಮವಾರ, ಮಂಗಳವಾರ, ಬುಧವಾರ. ಅದು ಸತ್ಯವೇ, ಆದರೆ ನಾಲ್ಕನೇ ಸಲ ಬರೆಯುವಾಗ ಕಣ್ಣು ಅದನ್ನು ನೋಡುವುದೇ ಇಲ್ಲ. ದಿನವೂ ಕೊಡುವವರನ್ನು ದಿನದ ಜಮಾಕ್ಕೆ ತರಬೇಡಿ, ತಿಂಗಳಿಗೊಮ್ಮೆ ಲೆಕ್ಕದ ಪುಟದಲ್ಲಿ ಅಂಕಿಯಲ್ಲಿ ಬರೆಯಿರಿ. ಐದು ಜನರ ಮನೆ, ಹೊತ್ತಿಗೆ ತಲೆಗೊಂದು ಮುದ್ದೆ, ದಿನಕ್ಕೆ ಎರಡು ಹೊತ್ತು. ತಿಂಗಳಿಗೆ 300 ಮುದ್ದೆ ಒಂದೇ ಕೈಯಿಂದ, ಒಂದೇ ಕೋಲಿನಿಂದ. ಆ 300ನ್ನು ಬರೆದವರು ಅಂದು ರಾತ್ರಿ ತಟ್ಟೆಯನ್ನು ತಾವೇ ತೊಳೆಯುವುದುಂಟು. ಅಡುಗೆಯಲ್ಲಿ ಅಂದಿನ ದಿನಕ್ಕೇ ಸೇರಿದ್ದು ಏನಾದರೂ ಇದ್ದರೆ, ಜ್ವರವೆಂದು ಬಸ್ಸಾರಿನ ಖಾರ ಇಳಿಸಿದ್ದು, ತಡವಾಗಿ ಬಂದವರಿಗೆ ಬೂದಿಯ ಮೇಲೆ ಸಾರು ಬೆಚ್ಚಗಿಟ್ಟದ್ದು, ಅದು ಅಂದಿನ ಜಮಾ.

ವಾರಕ್ಕೊಂದು ದಿನ ಇನ್ನೊಂದು ಅಭ್ಯಾಸ ಸೇರಿಸಬಹುದು: ಕೈ ಎಣಿಸುವುದು. ತಟ್ಟೆಯಲ್ಲಿರುವ ಒಂದೇ ಒಂದು ಪದಾರ್ಥ ತೆಗೆದುಕೊಂಡು ಅದು ಎಷ್ಟು ಕೈ ದಾಟಿ ಬಂತು ಎಂದು ಬರೆಯುತ್ತ ಹೋಗಿ. ರಾಗಿಯನ್ನೇ ತೆಗೆದುಕೊಳ್ಳಿ. ಮುದ್ದೆ ಕಟ್ಟಿದವರು, ಮಿಲ್ಲಿನವರು, ಕಣದಲ್ಲಿ ತೂರಿದವರು, ಕಳೆ ಕಿತ್ತವರು, ಬಿತ್ತನೆ ಬೀಜ ಕೊಟ್ಟವರು. ಅಲ್ಲಿಂದ ಹಿಂದಕ್ಕೆ ಹೋದರೆ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ ಸಿಗುತ್ತದೆ. ಅಲ್ಲಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ನಮ್ಮ ಮುದ್ದೆಯ ಲೆಕ್ಕದಲ್ಲಿ ಆಫ್ರಿಕಾದ ಯಾವುದೋ ಹೊಲದ ರೈತನ ಕೈಯೂ ಇದೆ ಎಂಬುದು ಎಣಿಸಲು ಕೂತಾಗಲೇ ತಿಳಿಯುವುದು. ಇಪ್ಪತ್ತು ಕೈ ತಲುಪಿದರೆ ನಿಲ್ಲಿಸಿ, ಸಾಕು.

ನೀರನ್ನು ಎಣಿಸಿದರೆ ಇನ್ನೊಂದು ವಿಷಯ ಸ್ಪಷ್ಟವಾಗುತ್ತದೆ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದ ಊರುಗಳಿವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಒಣಗಿದ ಕೆರೆ ತುಂಬಿದ್ದು ಜಮಾ. ಆ ನೀರನ್ನು ಮೂರನೇ ಹಂತದವರೆಗೆ ಶುದ್ಧ ಮಾಡಿ ಕೊಡಿ ಎಂಬ ಬೇಡಿಕೆಯೂ ಜನರದ್ದೇ, ಅದೂ ಅದೇ ಪುಟದಲ್ಲಿರಲಿ. ಉಪಕಾರ ನೆನೆದ ಮಾತ್ರಕ್ಕೆ ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಜೀವಮಾನವೆಲ್ಲ ಪ್ರಶ್ನೆ ಕೇಳುವುದನ್ನು ಕಲಿಸಿದ ನಾಡು ಇದು.

ಪಾಠ: ಆದದ್ದು, ಕಾರಣ, ಮುಂದಿನ ಸಲ

ಪಾಠಕ್ಕೆ ಮೂರು ತುಂಡು ಬೇಕು, ಮೂರನೆಯದು ಕೈಯಿಂದ ಮಾಡುವ ಕೆಲಸವಾಗಿರಬೇಕು. ‘ಇನ್ನು ಮೇಲೆ ತಾಳ್ಮೆಯಿಂದಿರುತ್ತೇನೆ’ ಎಂಬುದು ಪಾಠವಲ್ಲ, ಹಾರೈಕೆ. ಯಾವ ದಿನ, ಎಲ್ಲಿ, ಏನು ಮಾಡುವುದು ಎಂದು ಇದ್ದರೆ ಮಾತ್ರ ಮುಂದಿನ ಸಲಕ್ಕೆ ಉಪಯೋಗ.

ಕಾರಣ ಬರೆಯುವಾಗ ‘ಏಕೆ’ ಎಂದು ಎರಡು ಸಲ ಕೇಳಿ. ಒಂದು ಮಾದರಿ: ಗೂಡನ್ನು ನಾಲ್ಕನೇ ದಿನವೇ ಬಿಡಿಸಿದ್ದರಿಂದ ಒಳಗಿನ ಹುಳು ಇನ್ನೂ ಕೋಶ (ಪ್ಯೂಪಾ) ಆಗಿರಲಿಲ್ಲ, ಮೂಟೆಯಲ್ಲಿ ಒತ್ತಿ ಕಲೆಯಾಯಿತು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ದರ ಬಿತ್ತು. ಏಕೆ ಬೇಗ ಬಿಡಿಸಿದ್ದು? ಮಾರನೆಯ ದಿನ ಪಕ್ಕದವರ ಗಾಡಿ ಹೋಗುತ್ತಿತ್ತು, ಬಾಡಿಗೆ ಉಳಿಯುತ್ತದೆಂದು. ಅಂದರೆ ತಪ್ಪಿದ್ದು ಗೂಡಿನ ಲೆಕ್ಕವಲ್ಲ, ಗಾಡಿಯದು. ‘ಮುಂದಿನ ಸಲ ಐದನೇ ದಿನ ಎರಡು ಗೂಡು ಕತ್ತರಿಸಿ ನೋಡುವುದು. ಕೋಶ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಮಾತ್ರ ಗಾಡಿ ಮಾತಾಡುವುದು. ಚಳಿಗಾಲದಲ್ಲಿ ಇನ್ನೂ ಒಂದೆರಡು ದಿನ ಕಾಯುವುದು.’

ಮನುಷ್ಯರ ವಿಷಯದ ಪಾಠಕ್ಕೂ ಇದೇ ಅಚ್ಚು. ಆದದ್ದು: ಓದು ಎಂದು ಮಗನ ಮೇಲೆ ಕೂಗಾಡಿದ್ದು. ಏಕೆ? ಪುಸ್ತಕ ಬಿಟ್ಟು ಟಿ.ವಿ. ನೋಡುತ್ತಿದ್ದ. ಮತ್ತೆ ಏಕೆ? ನೋಡುವುದು ದಿನವೂ ಇದ್ದದ್ದೇ, ಅಂದು ಮಂಡಿಯಲ್ಲಿ ಬಾಕ್ಸು 80 ರೂಪಾಯಿಗೆ ಹೋಗಿತ್ತು. ಮೊದಲ ಸಾಲಿನಲ್ಲಿ ದರ ಬರೆಯಿರಿ ಎಂದದ್ದು ಇದಕ್ಕೇ. ಎರಡು ತಿಂಗಳ ಪುಟ ತಿರುವಿದರೆ ಕೂಗಾಟದ ದಿನವೂ ದರ ಬಿದ್ದ ದಿನವೂ ಒಂದೇ ಎಂದು ನೀವೇ ಕಾಣುತ್ತೀರಿ. ‘ಮುಂದಿನ ಸಲ ಮಂಡಿಯಿಂದ ಬಂದರೆ ಸ್ನಾನ, ಊಟ, ಆಮೇಲೆ ಮಾತು.’ ಇಷ್ಟು ಸಣ್ಣದಿದ್ದರೆ ನಡೆಯುತ್ತದೆ.

ಪಾಠದ ಜಾಗದಲ್ಲಿ ಬೇರೆಯವರ ತಪ್ಪು ಬರೆಯುವ ಅಭ್ಯಾಸ ಎಲ್ಲರಿಗೂ ಬರುತ್ತದೆ. ‘ಭಾವನ ಮಾತು ನಂಬಬಾರದು.’ ಅದು ದೂರು. ನಿಜವಾಗಿಯೂ ಮೋಸವಾಗಿದ್ದರೂ ಪಾಠ ನಿಮ್ಮ ಕೈಯ ಕೆಲಸದಲ್ಲೇ ಮುಗಿಯಬೇಕು: ‘ಕೈಗಡ ಯಾರಿಗೇ ಕೊಟ್ಟರೂ ಅಂದೇ ತಾರೀಖು ಹಾಕಿ ಇಬ್ಬರೂ ಸಹಿ ಮಾಡುವುದು.’

ಬೆಳವಣಿಗೆ, ಮತ್ತು ಜ್ವರ ಕೂತ ದಿನಗಳು

ರೇಷ್ಮೆ ಹುಳು ಮೊಟ್ಟೆಯೊಡೆದು ಗೂಡು ಕಟ್ಟುವುದಕ್ಕೆ 25ರಿಂದ 28 ದಿನ. ಅಷ್ಟರಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿ ಅಲ್ಲಾಡದೆ ಸುಮಾರು ಒಂದು ದಿನ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹಳೆಯ ಚರ್ಮ ಕಳಚುವುದು ಆಗಲೇ. ತಿಳಿದ ರೈತ ಆಗ ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಚಿಮುಕಿಸಿ, ಬಹುಪಾಲು ಹುಳು ಎದ್ದ ಮೇಲೆಯೇ ಮತ್ತೆ ಸೊಪ್ಪು ಕೊಡುತ್ತಾನೆ. ಆತುರಪಟ್ಟು ಹಾಕಿದರೆ ಮೊದಲೆದ್ದವು ತಿಂದು ಮುಂದೋಡುತ್ತವೆ, ಉಳಿದವು ಹಿಂದೆ ಬಿದ್ದು ಇಡೀ ಬೆಳೆ ಏರುಪೇರಾಗುತ್ತದೆ. ನಾಲ್ಕನೇ ಜ್ವರದಿಂದೆದ್ದ ಹುಳು ತನ್ನ ಆಯುಷ್ಯದ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ.

ನಿಮ್ಮನ್ನು ನೀವು ಅಳೆಯಲು ಈ ಒಂದು ಬೆಳೆಯ ಅವಧಿಯನ್ನೇ ಬಳಸಿ, 28 ದಿನ. ತಿದ್ದಿಕೊಳ್ಳುವ ವಿಷಯ ಒಂದೇ ಇರಲಿ. ವಯಸ್ಸಾದ ತಂದೆ ಕೇಳಿದ್ದನ್ನೇ ಮತ್ತೆ ಕೇಳಿದಾಗ ದನಿ ಏರಿಸದೆ ಉತ್ತರಿಸುವುದು, ಊಟದ ಹೊತ್ತು ಫೋನ್ ಬೇರೆ ಕೋಣೆಯಲ್ಲಿಡುವುದು, ಇಂಥದ್ದು. ಆದ ದಿನ ಎಡಗಡೆಯ ಅಂಚಿನಲ್ಲಿ ಒಂದು ಚುಕ್ಕೆ. 28ನೇ ದಿನ ಎಣಿಸಿ. ಹತ್ತಕ್ಕಿಂತ ಕಡಿಮೆಯಿದ್ದರೆ ಗುರಿ ದೊಡ್ಡದಾಗಿತ್ತು, ಅರ್ಧಕ್ಕಿಳಿಸಿ: ಮೂರು ಹೊತ್ತಿನ ಬದಲು ರಾತ್ರಿ ಊಟಕ್ಕೆ ಮಾತ್ರ. ಇಪ್ಪತ್ತೆರಡು ದಾಟಿದರೆ ಹೊಸದು ಹಿಡಿಯಿರಿ. ನಡುವೆ ಇದ್ದರೆ ಅದನ್ನೇ ಇನ್ನೊಂದು ಬೆಳೆ ನಡೆಸಿ. ಒಟ್ಟಿಗೆ ಮೂರು ವಿಷಯ ಹಿಡಿದವರು ಮೂರನ್ನೂ ಬಿಡುತ್ತಾರೆ, ಎಳೆ ಹುಳು ಸಾಕುವ ಚಾಕಿ ಮನೆಯಲ್ಲಿ ಜಾಗಕ್ಕಿಂತ ಹೆಚ್ಚು ಮೊಟ್ಟೆ ತಂದವರ ಹಾಗೆ.

ಏನೂ ಬರೆಯಲು ತೋಚದ ದಿನ ಬಂದೇ ಬರುತ್ತದೆ. ಸುಳ್ಳು ಸಂತೋಷ ಬರೆಯಬೇಡಿ. ತಾರೀಖು ಹಾಕಿ ‘ಜ್ವರ’ ಎಂದು ಬರೆದು ಮಲಗಿ. ಮರುದಿನ ಹಿಂದಿನದನ್ನು ತುಂಬಲು ಹೋಗಬೇಡಿ, ನೆನಪಿನಿಂದ ತುಂಬಿದ ಲೆಕ್ಕ ಸರಿಯಿರುವುದಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಏಳದ ಹುಳುವನ್ನು ರೈತ ಹಾಗೇ ಬಿಡುವುದಿಲ್ಲ, ರೋಗವಿರಬಹುದೆಂದು ನೋಡುತ್ತಾನೆ. ಎರಡು ವಾರ ಸತತವಾಗಿ ‘ಜ್ವರ’ ಎಂದೇ ಇದ್ದು, ನಿದ್ದೆ ಊಟ ಕೆಟ್ಟು, ಇಷ್ಟದ ಕೆಲಸದಲ್ಲೂ ರುಚಿ ಇಲ್ಲದಿದ್ದರೆ ಅದು ಪುಸ್ತಕದಿಂದ ವಾಸಿಯಾಗುವಂಥದ್ದಲ್ಲ. ವೈದ್ಯರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಾಯುವ ಯೋಚನೆ ಬಂದರೆ ಎರಡು ವಾರವೆಂದು ಕಾಯಬೇಡಿ, ಅಂದೇ ಮನೆಯವರೊಬ್ಬರಿಗೆ ಹೇಳಿ, ಅಂದೇ ಕರೆ ಮಾಡಿ.

ಹಳೆಯ ನೋವೊಂದು ಪದೇ ಪದೇ ಪುಟಕ್ಕೆ ಬರುತ್ತಿದ್ದರೆ ಅದಕ್ಕೆ ಬೇರೆ ದಾರಿ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಅತ್ಯಂತ ಕಹಿ ಅನುಭವವನ್ನು ಯಾರಿಗೂ ತೋರಿಸುವ ಹಂಗಿಲ್ಲದೆ ಬರೆದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಿತು, ತಿಂಗಳುಗಳ ಮೇಲೆ ನೋಡಿದರೆ ಒಳ್ಳೆಯದೇ ಆಗಿತ್ತು. ಆದ್ದರಿಂದ ಇದನ್ನು ಮಲಗುವ ಮುಂಚೆ ಮಾಡಬೇಡಿ, ಮಧ್ಯಾಹ್ನ ಮಾಡಿ. ಬಿಡಿ ಹಾಳೆಯಲ್ಲಿ ಬರೆದು ಕೊನೆಯ ದಿನ ಸ್ನಾನದ ಒಲೆಗೆ ಹಾಕಿದರೂ ಸರಿ. ಮುಯ್ಯಿ ಪುಸ್ತಕಕ್ಕೆ ಅದು ಬರುವುದು ಬೇಡ.

ಸಂದಾಯ, ಋಣ, ಹಂಗು

ಈ ಭಾಗ ಬಿಟ್ಟರೆ ಪುಸ್ತಕ ಬರೀ ಭಾವನೆಯಾಗಿ ಉಳಿಯುತ್ತದೆ. ಜಮಾ ಬರೆದ ಏಳು ದಿನದೊಳಗೆ ಅದಕ್ಕೊಂದು ಸಂದಾಯ ಇರಬೇಕು, ಆಗದಿದ್ದರೆ ಜಮಾದ ಎದುರು ‘ಬಾ’ ಎಂದು ಬಾಕಿಯ ಗುರುತು.

ಮನೆಯವರಿಗೆ ‘ಧನ್ಯವಾದ’ ಎಂದರೆ ನಮ್ಮಲ್ಲಿ ಪರಕೀಯವಾಗಿ ಕೇಳುತ್ತದೆ, ‘ಏನಪ್ಪಾ ಹೊಸದಾಗಿ’ ಎನ್ನುತ್ತಾರೆ. ಬಲವಂತವಾಗಿ ಹೇಳಬೇಕಿಲ್ಲ. ನಮ್ಮ ದಾರಿಗಳು ಬೇರೆ ಇವೆ. ಪಾತ್ರೆಯಲ್ಲಿ ಏನಾದರೂ ಬಂದಿದ್ದರೆ ಬರಿ ಪಾತ್ರೆ ತಿರುಗಿ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಒಂದು ಸೇರು ಪಕ್ಕದ ಮನೆಗೆ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ದಾರಿ, ಮಾಡಿದವರ ಎದುರಿಗೆ ಹೇಳುವುದಕ್ಕಿಂತ ಮೂರನೆಯವರ ಮುಂದೆ ಹೇಳುವುದು. ‘ಅವತ್ತು ರಾತ್ರಿ ಎರಡಕ್ಕೆ ಎದ್ದು ನಮ್ಮ ಮೋಟರ್ ಹಾಕಿದರು’ ಎಂದು ಹಾಲಿನ ಡೈರಿಯ ಕ್ಯೂನಲ್ಲಿ ಹೇಳಿ. ಸಂಜೆಯೊಳಗೆ ಅವರ ಕಿವಿಗೆ ಬೀಳುತ್ತದೆ. ನೇರವಾಗಿ ಹೇಳುವುದಾದರೆ ಎರಡೇ ಮಾತು: ಅವರು ಏನು ಮಾಡಿದರು, ಅದರಿಂದ ಏನು ಉಳಿಯಿತು. ‘ನೀವು ಮೋಟರ್ ಹಾಕಿದ್ದಕ್ಕೆ ಸೊಪ್ಪು ಬಾಡಲಿಲ್ಲ.’ ಹೊಗಳಿಕೆ ಸೇರಿಸಿದರೆ ಅವರಿಗೆ ಮುಜುಗರ.

ಪಡೆದಷ್ಟೇ ಅಳೆದು, ಮಾರನೆಯ ದಿನವೇ ತಿರುಗಿ ಕೊಡಬೇಡಿ. ಅದು ಸಾಲ ತೀರಿಸಿ ಬಾಗಿಲು ಹಾಕಿದಂತೆ. ಮದುವೆಗೆ 100 ಕೊಡದೆ 101 ಕೊಡುವಾಗ ಆ ಒಂದು ರೂಪಾಯಿ ಲೆಕ್ಕವನ್ನು ಮುಗಿಯಗೊಡುವುದಿಲ್ಲ ಎನ್ನುತ್ತಾರೆ ಹಿರಿಯರು. ನಿಮ್ಮ ಅನುಕೂಲದ ದಿನ ಕೊಡುವುದಕ್ಕಿಂತ ಅವರಿಗೆ ಬೇಕಾದ ದಿನ ನೀವು ಅಲ್ಲಿರುವುದು ಮೇಲು. ‘ಬಾ’ ಗುರುತು ಅದಕ್ಕಾಗಿಯೇ ಇರುವುದು, ಅದು ನಾಚಿಕೆಯ ಗುರುತಲ್ಲ. ತೀರಿಹೋದವರ ಬಾಕಿ, ಹೆಸರೇ ಗೊತ್ತಿಲ್ಲದವರ ಬಾಕಿ ಮುಂದಕ್ಕೆ ಹೋಗಲಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಉಂಡು ಓದಿದವರು ತಮ್ಮ ಊರಿನ ಇನ್ನೊಂದು ಮಗುವಿನ ಶಾಲೆಯ ಖರ್ಚಿಗೆ ನಿಂತರೆ ಅದೂ ಸಂದಾಯವೇ.

ಋಣ ಬೇರೆ, ಹಂಗು ಬೇರೆ. ಕೊಟ್ಟವರು ಏನನ್ನಾದರೂ ಕೇಳಿದ ದಿನ ನೀವು ‘ಆಗುವುದಿಲ್ಲ’ ಎನ್ನಬಹುದಾದರೆ ಅದು ಋಣ. ಹಾಗೆನ್ನಲು ಹೆದರಿಕೆಯಾದರೆ ಹಂಗು. ಹಂಗಿನದಕ್ಕೆ ‘ಹ’ ಎಂದು ಗುರುತು ಹಾಕಿ, ಆದಷ್ಟು ಬೇಗ ತೀರಿಸಿ. ಒಂದೇ ಹೆಸರಿನ ಮುಂದೆ ನಾಲ್ಕು ‘ಹ’ ಬಂದರೆ ಅಲ್ಲಿಂದ ಐದನೆಯದನ್ನು ಪಡೆಯಬೇಡಿ.

ಹಕ್ಕಿನಿಂದ ಬಂದದ್ದು ಜಮಾ ಅಲ್ಲ. ಮಾಡಿದ ಕೆಲಸದ ಕೂಲಿ, ರೇಷನ್ ಅಕ್ಕಿ, ವೃದ್ಧಾಪ್ಯ ವೇತನ, ಆಸ್ಪತ್ರೆಯಲ್ಲಿ ಸಿಗಬೇಕಾದ ಮಾತ್ರೆ, ಇವನ್ನು ಉಪಕಾರವೆಂದು ಬರೆಯುತ್ತ ಹೋದರೆ ಮುಂದೆ ಕೇಳುವ ಬಾಯಿಯೇ ಕಟ್ಟುತ್ತದೆ. ಅಲ್ಲಿ ಕೂತಿದ್ದ ನರ್ಸ್ ಅಜ್ಜಿಗೆ ಮಾತ್ರೆಯ ಹೊತ್ತನ್ನು ಮೂರು ಸಲ ಬಿಡಿಸಿ ಹೇಳಿದ್ದು ಜಮಾ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಂಗಸು ‘ಆದರೂ ಮನೆ ನಡೆಸುತ್ತಾನೆ’ ಎಂದು ರಾತ್ರಿ ಜಮಾ ಬರೆಯಬಾರದು. ಸಹಿಸುವುದನ್ನು ಕಲಿಸಲು ಈ ಪುಸ್ತಕ ಹುಟ್ಟಿಲ್ಲ. ಮಹಿಳಾ ಸಹಾಯವಾಣಿಯ 181 ಹಿಂಬದಿಯ ರಟ್ಟಿನ ಮೇಲೆ ಬರೆದಿರಲಿ.

ವಾರ, ತಿಂಗಳು, ವರ್ಷ

ದಿನವೂ ಬರೆಯಲಾಗದವರು ವಾರಕ್ಕೊಮ್ಮೆ ಬರೆದರೂ ನಷ್ಟವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ಜನ ಬರೆದದ್ದು ವಾರಕ್ಕೊಮ್ಮೆ ಮಾತ್ರ, ಹತ್ತು ವಾರ. ಉಪಕಾರ ಬರೆದ ಗುಂಪಿಗೆ, ಕಿರಿಕಿರಿಗಳನ್ನು ಬರೆದ ಗುಂಪಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು.

ಬರೆಯಲು ಬಾರದ ಹಿರಿಯರಿದ್ದರೆ ಅವರು ಹೇಳಲಿ, ಮೊಮ್ಮಕ್ಕಳು ಬರೆಯಲಿ. ಮಕ್ಕಳಿಗೆ ಪಾಠ ಬರೆಯುವಂತೆ ಹೇಳಬೇಡಿ, ಜಮಾ ಒಂದು ಸಾಕು. ಅವರು ಬರೆದದ್ದನ್ನು ತಿದ್ದಲೂ ಬೇಡಿ, ಕಾಗುಣಿತವನ್ನೂ ಸೇರಿಸಿ.

ಹಿಂದಿನ ಪುಟಗಳನ್ನು ದಿನವೂ ತಿರುವಬೇಡಿ. ತಿಪಟೂರು ಕಡೆ ಕೊಬ್ಬರಿ ಮಾಡುವವರು ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನಬೇಕು. ಮೊದಲೇ ಒಡೆದರೆ ಹಸಿಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಜಗಳದ ದಿನದ ಬರಹವೂ ಹಾಗೆ, ನೀರು ಇಂಗಲು ಬಿಡಿ. ತಿಂಗಳ ಕೊನೆಗೆ ಒಮ್ಮೆ ಅರ್ಧ ಗಂಟೆ ಕೂತು ಆ ತಿಂಗಳ ಪುಟ ನೋಡಿ, ಕೊನೆಯ ಹಾಳೆಗಳಲ್ಲಿ ನಾಲ್ಕು ಅಂಕಿ ಬರೆಯಿರಿ: ಜಮಾ ಎಷ್ಟು, ಸಂದಾಯ ಎಷ್ಟು, ‘ಬಾ’ ಎಷ್ಟು, ಮತ್ತೆ ಮತ್ತೆ ಬಂದ ಪಾಠ ಎಷ್ಟು. ಒಂದೇ ಪಾಠ ಮೂರು ತಿಂಗಳು ಬಂದರೆ ಅದರ ‘ಮುಂದಿನ ಸಲ’ ತಪ್ಪಾಗಿದೆ ಎಂದರ್ಥ, ಕಾರಣವನ್ನು ಇನ್ನೊಂದು ‘ಏಕೆ’ ಆಳಕ್ಕೆ ಇಳಿಸಿ. ಮೊದಲ ಮೂರು ಪುಟಗಳಲ್ಲಿ ಹೆಸರು, ಎದುರಿಗೆ ಪುಟದ ನಂಬರ್ ಸೇರಿಸುತ್ತ ಬನ್ನಿ.

ಪುಸ್ತಕ ಮುಗಿದ ದಿನ ತೀರದ ‘ಬಾ’ಗಳನ್ನೆಲ್ಲ ಕೊನೆಯ ಎರಡು ಪುಟಕ್ಕೆ ಇಳಿಸಿ, ಹಾಗೇ ಹೊಸ ಪುಸ್ತಕದ ರಟ್ಟಿನ ಒಳಬದಿಗೆ ನಕಲು ಮಾಡಿ. ಹಳೆಯದರ ಬೆನ್ನಿಗೆ ವರ್ಷ ಬರೆದು, ನೆರಳಲ್ಲಿ ಒಣಗಿಸಿದ ಬೇವಿನೆಲೆಯನ್ನು ಇಪ್ಪತ್ತು ಪುಟಕ್ಕೊಂದರಂತೆ ನಡುವೆ ಇಟ್ಟು, ಟ್ರಂಕಿನಲ್ಲಿ ಮದುವೆಯ ಮುಯ್ಯಿ ಪುಸ್ತಕದ ಜೊತೆಗೇ ಇಡಿ. ಮಳೆಗಾಲ ಕಳೆದ ಮೇಲೆ ಎರಡನ್ನೂ ಒಂದು ಮಧ್ಯಾಹ್ನ ಬಿಸಿಲಿಗೆ ಹಾಕಿ, ಎಲೆ ಬದಲಿಸಿ.